ಹಿಮದ ಹಾದಿಯಲ್ಲಿ ಹಿಂಚಕ್ರದ ಕಾರು

ಚಳಿಗಾಲದಲ್ಲಿ ಹಿಮ ಬೀಳುವ ದೇಶಗಳಲ್ಲಿ ಮೋಟಾರು ಕಾರುಗಳನ್ನು ಕುರಿತು ಒಂದು ಅಭಿಪ್ರಾಯ ಬಹುಕಾಲದಿಂದ ಬೇರೂರಿದೆ. ಎಂಜಿನ್ನಿನ ಶಕ್ತಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಒದಗುವ ಕಾರು ಹಿಮಕ್ಕೆ ತಕ್ಕುದಲ್ಲ. ಮುಂದಿನ ಚಕ್ರಗಳಿಗೆ ಒದಗುವ ಕಾರು ಅದಕ್ಕಿಂತ ಲೇಸು. ನಾಲ್ಕು ಚಕ್ರಗಳಿಗೂ ಒದಗುವ ಕಾರಿದ್ದರೆ ಭಯಪಡಬೇಕಾದುದೇ ಇಲ್ಲ ಎಂಬುದು ಆ ಅಭಿಪ್ರಾಯದ ಸಾರಾಂಶ. ಇದರಲ್ಲಿ ಸತ್ಯದ ಅಂಶವೇ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅದು ಕಾರು ಹೊರಡುವುದಕ್ಕೆ ಸಂಬಂಧಿಸಿದ ಸತ್ಯ. ಕಾರು ನಿಲ್ಲುವುದಕ್ಕೆ ಸಂಬಂಧಿಸಿದ ಸತ್ಯವಲ್ಲ. ಹೊರಡಲಾರದ ಕಾರಿನಿಂದ ಆಗುವ ನಷ್ಟ ಒಂದು ಗಂಟೆಯ ಕಾಲ. ನಿಲ್ಲಲಾರದ ಕಾರಿನಿಂದ ಆಗುವ ನಷ್ಟ ಒಂದು ಜೀವವಾಗಿರಬಹುದು. ಆದುದರಿಂದ ಹಿಂಚಕ್ರ ಚಾಲನೆಯ ಕಾರನ್ನು ಹಿಮಕ್ಕೆ ಒಗ್ಗಿಸಬೇಕೆಂದು ಬಯಸುವವರು ತಮ್ಮ ಗಮನವನ್ನೂ ಹಣವನ್ನೂ ಮೊದಲು ಯಾವುದಕ್ಕೆ ಮೀಸಲಿಡಬೇಕೆಂಬುದನ್ನು ವಿಚಾರ ಮಾಡುವುದು ಅಗತ್ಯ.

ಕನ್ನಡ ನಾಡಿನ ವಿದ್ಯಾರ್ಥಿಗಳಿಗೆ ಹಿಮದ ಚಿಂತೆಯೇಕೆ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಎರಡು ಕಾರಣಗಳುಂಟು. ಉನ್ನತ ವ್ಯಾಸಂಗಕ್ಕೆಂದು ಅಮೆರಿಕದ ಮಿನೆಸೋಟ, ಮಿಷಿಗನ್ ಮೊದಲಾದ ಸಂಸ್ಥಾನಗಳಿಗೂ ಕೆನಡ, ಜರ್ಮನಿ, ಸ್ವೀಡನ್ ದೇಶಗಳಿಗೂ ತೆರಳುವ ನಮ್ಮ ತರುಣ ತರುಣಿಯರು ಅಲ್ಲಿ ಹಳೆಯ ಕಾರೊಂದನ್ನು ಕೊಂಡು ಮೊದಲ ಚಳಿಗಾಲದಲ್ಲಿಯೇ ಹಿಮದ ಮೇಲೆ ನಡೆಸಬೇಕಾಗಿ ಬರುವುದುಂಟು. ಅದಲ್ಲದೆ ಈ ಪ್ರಶ್ನೆಯ ತೀರ್ಮಾನಕ್ಕೆ ಬೇಕಾದ ವಿಜ್ಞಾನವು ಯಂತ್ರಶಿಲ್ಪಿಗಳ ರಹಸ್ಯವೇನೂ ಅಲ್ಲ. ಪ್ರೌಢಶಾಲೆಯಲ್ಲಿಯೂ ಕಾಲೇಜಿನ ಆರಂಭದ ತರಗತಿಗಳಲ್ಲಿಯೂ ಓದುವ ಘರ್ಷಣೆಯ ಪಾಠವೇ ಇದಕ್ಕೆ ಸಾಕು.

ಆ ಪಾಠವನ್ನು ಒಮ್ಮೆ ಜ್ಞಾಪಿಸಿಕೊಳ್ಳೋಣ. ಚಕ್ರವು ನೆಲವನ್ನು ಒತ್ತುವ ಭಾರವನ್ನು ಘರ್ಷಣಾಂಕದಿಂದ ಗುಣಿಸಿದರೆ ಆ ಚಕ್ರಕ್ಕೆ ದೊರೆಯಬಹುದಾದ ಗರಿಷ್ಠ ಹಿಡಿತವೆಷ್ಟೆಂಬುದು ಸರಿಸುಮಾರಾಗಿ ತಿಳಿಯುತ್ತದೆ. ಒಣಗಿದ ಡಾಂಬರು ರಸ್ತೆಯ ಮೇಲೆ ರಬ್ಬರಿನ ಘರ್ಷಣಾಂಕ ಸುಮಾರು ೦.೮. ವಾಹನಗಳ ತುಳಿತಕ್ಕೆ ಗಟ್ಟಿಯಾದ ಹಿಮದ ಮೇಲೆ ಅದು ೦.೨ರಿಂದ ೦.೩ರವರೆಗೆ ಇಳಿಯುತ್ತದೆ. ಮಂಜುಗಡ್ಡೆಯ ಮೇಲೆ ೦.೧, ಆ ಗಡ್ಡೆ ಕರಗುವ ಹಂತದಲ್ಲಿದ್ದು ಮೇಲ್ಮೈಯಲ್ಲಿ ನೀರಿನ ಪದರವಿದ್ದರೆ ಅದಕ್ಕಿಂತಲೂ ಕಡಮೆ. ಸೊನ್ನೆ ಡಿಗ್ರಿಯ ಸಮೀಪದ ಮಂಜುಗಡ್ಡೆಯು ಕಡು ಚಳಿಯ ಮಂಜುಗಡ್ಡೆಗಿಂತ ಹೆಚ್ಚು ಅಪಾಯಕರವೆಂಬುದು ಹೊಸಬರಿಗೆ ಆಶ್ಚರ್ಯವೆನಿಸಿದರೂ ನಿಜ.

ಹೀಗೆ ನಾಲ್ಕನೆಯ ಒಂದು ಭಾಗಕ್ಕೆ ಇಳಿದ ಹಿಡಿತದಿಂದಲೇ ಕಾರು ತನ್ನ ಮೂರು ಕೆಲಸಗಳನ್ನೂ ನಡೆಸಬೇಕು: ವೇಗವನ್ನು ಹೆಚ್ಚಿಸಿಕೊಳ್ಳುವುದು, ದಿಕ್ಕನ್ನು ಬದಲಿಸುವುದು, ವೇಗವನ್ನು ತಗ್ಗಿಸುವುದು. ಒಂದೊಂದು ಕೆಲಸಕ್ಕೂ ಬೇರೆ ಬೇರೆ ನಿಧಿಯಿಲ್ಲ. ಒಂದು ಟೈರು ತನ್ನ ಹಿಡಿತವನ್ನೆಲ್ಲ ಕಾರನ್ನು ಮುಂದಕ್ಕೆ ತಳ್ಳುವುದಕ್ಕೆ ವೆಚ್ಚ ಮಾಡಿದರೆ ಪಕ್ಕಕ್ಕೆ ಜಾರದಂತೆ ತಡೆಯಲು ಅದರಲ್ಲಿ ಏನೂ ಉಳಿದಿರುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಹಿಮದ ಮೇಲಿನ ಟೈರಿಗೆ ಅಕ್ಷರಶಃ ಸಲ್ಲುತ್ತದೆ.

ಈಗ ಹಿಂಚಕ್ರದ ಕಾರಿನ ಮೇಲಿರುವ ಆರೋಪಗಳನ್ನು ಪರೀಕ್ಷಿಸೋಣ. ಮೊದಲನೆಯ ಆರೋಪ, ಅದು ಏರನ್ನು ಹತ್ತಲಾರದೆಂಬುದು. ಎಂಜಿನು ಮುಂದುಗಡೆ ಇದ್ದು ಹಿಂದಿನ ಚಕ್ರಗಳು ತಳ್ಳುವ ಕಾರಿನಲ್ಲಿ ಹಿಂದಿನ ಅಚ್ಚಿನ ಮೇಲೆ ಸಾಮಾನ್ಯವಾಗಿ ಒಟ್ಟು ಭಾರದ ಅರ್ಧದಷ್ಟು, ಇಲ್ಲವೆ ಅದಕ್ಕಿಂತ ತುಸು ಕಡಮೆ ಭಾರವಿರುತ್ತದೆ. ಮುಂಚಕ್ರ ಚಾಲನೆಯ ಕಾರಿನಲ್ಲಿ ಎಂಜಿನು, ಗೇರುಪೆಟ್ಟಿಗೆ ಎರಡೂ ದುಡಿಯುವ ಚಕ್ರಗಳ ಮೇಲೆಯೇ ಕುಳಿತಿರುವುದರಿಂದ ಸುಮಾರು ನೂರಕ್ಕೆ ೬೦ರಷ್ಟು ಭಾರ ಅವುಗಳ ಮೇಲಿರುತ್ತದೆ. ಘರ್ಷಣಾಂಕ ೦.೨ ಇರುವ ಹಿಮದಲ್ಲಿ ಮೊದಲನೆಯದು ನೂರು ಮೀಟರಿಗೆ ಸುಮಾರು ೧೦ ಮೀಟರು ಏರುವ ರಸ್ತೆಯನ್ನು ಹತ್ತಬಲ್ಲದು. ಎರಡನೆಯದು ಸುಮಾರು ೧೨ ಮೀಟರನ್ನು. ಏರಿನಲ್ಲಿ ಭಾರವು ಸ್ವಲ್ಪಮಟ್ಟಿಗೆ ಹಿಂದಕ್ಕೆ ವಾಲುವುದರಿಂದ ಈ ಅಂತರ ಇನ್ನೂ ಕಿರಿದಾಗುತ್ತದೆ. ವ್ಯತ್ಯಾಸ ಉಂಟೆಂಬುದನ್ನು ಒಪ್ಪೋಣ. ಆದರೆ ಜನ ನಂಬಿರುವಷ್ಟು ಅದು ದೊಡ್ಡದಲ್ಲ. ಎಂಜಿನ್ನನ್ನು ಹಿಂದಿನ ಅಚ್ಚಿನ ಹಿಂದೆ ಹೊತ್ತಿದ್ದ ಫೋಕ್ಸ್‌ವ್ಯಾಗನ್ ಬೀಟ್ಲ್ ಕಾರು ಹಿಮದಲ್ಲಿ ಹತ್ತುವುದಕ್ಕೆ ಹೆಸರಾಗಿದ್ದಿತೆಂಬುದನ್ನು ನೆನೆದರೆ, ಹಿಂಚಕ್ರ ಚಾಲನೆಯಲ್ಲಿಯೇ ದೋಷವಿಲ್ಲ, ಆ ಚಕ್ರಗಳ ಮೇಲಿನ ಭಾರದ ಕೊರತೆಯಲ್ಲಿ ದೋಷವಿದೆಯೆಂಬುದು ಸ್ಪಷ್ಟವಾಗುತ್ತದೆ.

ಎರಡನೆಯ ಆರೋಪ ಇದಕ್ಕಿಂತ ಗುರುತರವಾದುದು. ತಿರುವಿನಲ್ಲಿ ಚಾಲಕನು ಆಕ್ಸಿಲರೇಟರನ್ನು ಅತಿಯಾಗಿ ಒತ್ತಿದನೆನ್ನಿ. ಮುಂಚಕ್ರದ ಕಾರಿನಲ್ಲಿ ಮುಂದಿನ ಚಕ್ರಗಳು ಹಿಡಿತ ತಪ್ಪಿ ಕಾರು ತಿರುಗದೆ ನೇರವಾಗಿ ಮುಂದಕ್ಕೆ ಸರಿಯುತ್ತದೆ. ಹಿಂಚಕ್ರದ ಕಾರಿನಲ್ಲಿಯಾದರೋ ಹಿಂದಿನ ಚಕ್ರಗಳು ಇದ್ದಲ್ಲೇ ಗಿರಗಿರನೆ ಸುತ್ತಿ, ಪಕ್ಕದ ಹಿಡಿತವನ್ನು ಕಳೆದುಕೊಂಡು, ಕಾರಿನ ಹಿಂಭಾಗ ತಿರುವಿನ ಹೊರಗಡೆಗೆ ಬೀಸುತ್ತದೆ. ಹಾಗೆ ಬೀಸಿದ ಕಾರು ತನ್ನಷ್ಟಕ್ಕೆ ತಾನೇ ಸರಿಹೋಗದು. ಚಾಲಕನು ತಕ್ಷಣ ಸರಿಪಡಿಸದಿದ್ದರೆ ಬುಗುರಿಯಂತೆ ಸುತ್ತಿಬಿಡುವುದು. ಸಾಮಾನ್ಯ ಚಾಲಕನಿಗೆ ಮೊದಲನೆಯ ಬಗೆಯ ತಪ್ಪಿಗಿಂತ ಎರಡನೆಯದನ್ನು ತಿದ್ದುವುದು ಕಷ್ಟ. ಹಿಂಚಕ್ರದ ಕಾರಿಗೆ ಚಳಿಗಾಲದಲ್ಲಿ ವಿಶೇಷ ಎಚ್ಚರಿಕೆ ಬೇಕೆಂಬ ಮಾತಿಗೆ ಇದೇ ನ್ಯಾಯವಾದ ಆಧಾರ.

ಇಷ್ಟನ್ನು ಒಪ್ಪಿಕೊಂಡ ಮೇಲೆ, ಯಾರೂ ಸಾಕಷ್ಟು ಗಮನಿಸದ ಒಂದು ಸಂಗತಿಯನ್ನು ಓದುಗರ ಮುಂದಿಡಬೇಕು. ಬ್ರೇಕು ಹಾಕುವಾಗ ಎಲ್ಲ ಕಾರುಗಳೂ ನಾಲ್ಕು ಚಕ್ರದ ಕಾರುಗಳೇ. ಎಂಜಿನು ಯಾವ ಚಕ್ರವನ್ನು ತಿರುಗಿಸುತ್ತದೆಯೆಂಬುದಕ್ಕೂ ಬ್ರೇಕಿನಿಂದ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆಯೆಂಬುದಕ್ಕೂ ನೇರ ಸಂಬಂಧವಿಲ್ಲ. ಗಂಟೆಗೆ ೫೦ ಕಿಲೋಮೀಟರು ವೇಗದಿಂದ ಬರುತ್ತಿರುವ ಕಾರು ಒಣ ರಸ್ತೆಯಲ್ಲಿ ಬ್ರೇಕು ಹಿಡಿದ ಮೇಲೆ ಸುಮಾರು ೧೨ ಮೀಟರಿನಲ್ಲಿ ನಿಲ್ಲಬಲ್ಲದು. ಘರ್ಷಣಾಂಕ ೦.೩ ಆದರೆ ೩೩ ಮೀಟರು ಬೇಕು, ೦.೨ ಆದರೆ ೪೯ ಮೀಟರು, ೦.೧ ಆದರೆ ೯೮ ಮೀಟರು. ಈ ಲೆಕ್ಕದಲ್ಲಿ ಕಾರಿನ ಭಾರವೂ ಬರುವುದಿಲ್ಲ, ಅದರ ಬೆಲೆಯೂ ಬರುವುದಿಲ್ಲ, ಎಷ್ಟು ಚಕ್ರಗಳು ದುಡಿಯುತ್ತವೆಯೆಂಬುದೂ ಬರುವುದಿಲ್ಲ. ವೇಗ ಮತ್ತು ಘರ್ಷಣಾಂಕ, ಇವೆರಡೇ ಬರುತ್ತವೆ.

ಎರಡು ಕಾರುಗಳನ್ನು ಹೋಲಿಸಿ ನೋಡೋಣ. ಒಂದು, ನಾಲ್ಕು ಚಕ್ರ ಚಾಲನೆಯ ಕಾರು, ಸಾಧಾರಣ ಟೈರಿನದು. ಅದರ ಘರ್ಷಣಾಂಕ ೦.೨ ಎಂದಿಟ್ಟುಕೊಳ್ಳಿ. ಇನ್ನೊಂದು, ಹಿಂಚಕ್ರ ಚಾಲನೆಯ ಹಳೆಯ ಕಾರು, ಚಳಿಗಾಲದ ಟೈರಿನದು, ಅದರದು ೦.೩. ಏರಿನಲ್ಲಿ ಮೊದಲನೆಯದೇ ಗೆಲ್ಲುತ್ತದೆ. ಅದು ನೂರಕ್ಕೆ ೨೦ರ ಏರನ್ನು ಹತ್ತಿದರೆ ಎರಡನೆಯದು ೧೫ರ ಏರಿಗೆ ಸೋಲುತ್ತದೆ. ಇಬ್ಬರೂ ಸಮತಟ್ಟಾದ ರಸ್ತೆಯಲ್ಲಿ ೫೦ ಕಿಲೋಮೀಟರು ವೇಗದಲ್ಲಿರುವಾಗ ಮುಂದೆ ಒಂದು ಮಗು ರಸ್ತೆಗೆ ಇಳಿಯಿತೆನ್ನಿ. ಇಬ್ಬರೂ ಒಂದೇ ಸ್ಥಳದಲ್ಲಿ ಬ್ರೇಕು ಹಿಡಿದರೆನ್ನಿ. ಹಳೆಯ ಕಾರು ಸಂಪೂರ್ಣವಾಗಿ ನಿಂತ ಸ್ಥಳವನ್ನು ಇನ್ನೊಂದು ಕಾರು ಗಂಟೆಗೆ ಸುಮಾರು ೨೯ ಕಿಲೋಮೀಟರು ವೇಗದಲ್ಲಿ ದಾಟುತ್ತಿರುತ್ತದೆ. ಏರಿನಲ್ಲಿ ಸಲೀಸಾಗಿ ಹತ್ತಿದ ಕಾರೇ ಚಾಲಕನಿಗೆ, ರಸ್ತೆಯಲ್ಲಿ ಸಾಕಷ್ಟು ಹಿಡಿತವಿದೆಯೆಂಬ ಭ್ರಮೆಯನ್ನು ಹುಟ್ಟಿಸಿರುತ್ತದೆ. ಹೊರಡುವಾಗಲೇ ಚಕ್ರ ಜಾರಿಸಿ ಎಚ್ಚರಿಕೆ ಕೊಡುವ ಹಿಂಚಕ್ರದ ಕಾರು ಈ ಒಂದು ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವಾದುದು.

ಹೀಗಿರಲು ಹಿಂಚಕ್ರದ ಕಾರನ್ನು ಸುಧಾರಿಸುವ ಉಪಾಯಗಳಲ್ಲಿ ಅಗ್ರಸ್ಥಾನ ಯಾವುದಕ್ಕೆ? ಅನೇಕರು ತಟ್ಟನೆ ಹೇಳುವುದು ಮರಳಿನ ಮೂಟೆಯ ಹೆಸರನ್ನು. ಹಿಂದಿನ ಡಿಕ್ಕಿಯಲ್ಲಿ ಮರಳಿನ ಮೂಟೆಗಳನ್ನಿರಿಸಿ ಓಡಿಸುವುದು ಅಮೆರಿಕ, ಕೆನಡಗಳಲ್ಲಿ ಹಳೆಯ ವಾಡಿಕೆ. ಇದರ ಫಲವನ್ನು ಲೆಕ್ಕ ಹಾಕಿ ನೋಡಬಹುದು. ೧೫೦೦ ಕಿಲೋಗ್ರಾಂ ತೂಕದ ಕಾರಿನ ಹಿಂದಿನ ಚಕ್ರಗಳ ಮೇಲೆ ೭೫೦ ಕಿಲೋಗ್ರಾಂ ಇದೆಯೆಂದು ಭಾವಿಸೋಣ. ಸರಿಯಾಗಿ ಹಿಂದಿನ ಅಚ್ಚಿನ ಮೇಲೆ ೭೫ ಕಿಲೋಗ್ರಾಂ ಮರಳನ್ನು ಹೇರಿದರೆ ಹಿಂದಿನ ಪಾಲು ನೂರಕ್ಕೆ ೫೦ರಿಂದ ೫೨.೪ಕ್ಕೆ ಏರುತ್ತದೆ. ಹತ್ತುವ ಶಕ್ತಿ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಹೆಚ್ಚಿತು, ಅಷ್ಟೆ. ನಿಲ್ಲುವ ದೂರ ಒಂದು ಗೇಣೂ ಕಡಮೆಯಾಗಲಿಲ್ಲ. ಘರ್ಷಣಾಂಕವನ್ನು ೦.೨ರಿಂದ ೦.೩ಕ್ಕೆ ಏರಿಸುವ ಟೈರಾದರೋ ಹತ್ತುವುದು, ತಿರುಗುವುದು, ನಿಲ್ಲುವುದು ಈ ಮೂರರಲ್ಲಿಯೂ ಹಿಡಿತವನ್ನು ಒಂದೂವರೆಪಟ್ಟು ಮಾಡುತ್ತದೆ.

ಮರಳನ್ನು ಇಡುವ ಸ್ಥಳವೂ ಮುಖ್ಯ. ಎತ್ತಿನ ಗಾಡಿಯಲ್ಲಿ ಹೇರನ್ನು ಅಚ್ಚಿನಿಂದ ಹಿಂದಕ್ಕೆ ತುಂಬಿದರೆ ಮೂಕಿ ಮೇಲಕ್ಕೇಳುವುದನ್ನು ನಮ್ಮ ಹಳ್ಳಿಗರು ಬಲ್ಲರು. ಕಾರಿನಲ್ಲಿಯೂ ಹಾಗೆಯೇ, ಡಿಕ್ಕಿಯ ತುದಿಯಲ್ಲಿ ಹೇರಿದ ಮರಳು ಮುಂದಿನ ಚಕ್ರಗಳ ಮೇಲಿನ ಒತ್ತಡವನ್ನು ಕಳೆದು, ದಿಕ್ಕು ಬದಲಿಸುವ ಶಕ್ತಿಯನ್ನು ಕುಂದಿಸುತ್ತದೆ. ಹಿಂಭಾಗ ಬೀಸತೊಡಗಿದಾಗ ತುದಿಯಲ್ಲಿರುವ ಆ ಭಾರ ಬೀಸನ್ನು ಹೆಚ್ಚಿಸುವುದಲ್ಲದೆ ಹಿಂದಕ್ಕೆ ತರುವುದನ್ನು ಕಷ್ಟವಾಗಿಸುತ್ತದೆ. ಆದುದರಿಂದ ಮರಳನ್ನು ಅಚ್ಚಿನ ಮೇಲೆಯೇ ಇಟ್ಟು, ಸರಿದಾಡದಂತೆ ಬಿಗಿಯಬೇಕು. ಹಿಂದೆ ತೆರೆದ ತೊಟ್ಟಿಯಿರುವ ಬರಿದಾದ ಸಣ್ಣ ಟ್ರಕ್ಕಿಗೆ, ಅದರ ಹಿಂಭಾಗ ತೀರ ಹಗುರವಾದುದರಿಂದ, ಈ ಉಪಾಯ ನಿಜವಾಗಿಯೂ ಪ್ರಯೋಜನಕಾರಿ. ಕಾರಿಗೆ ಅದು ಉಪ್ಪಿನಕಾಯಿ; ಅನ್ನವಲ್ಲ. ಚಕ್ರ ಹೂತುಹೋದಾಗ ಅದರ ಕೆಳಗೆ ಎರಚುವುದಕ್ಕೆ ಒಂದು ಸಣ್ಣ ಚೀಲ ಮರಳು ಜೊತೆಗಿದ್ದರೆ ಒಳಿತು.

ಚಳಿಗಾಲದ ಟೈರಿನಲ್ಲಿ ಅಂಥ ವಿಶೇಷವೇನಿದೆ? ಸಾಧಾರಣ ಟೈರಿನ ರಬ್ಬರು ಉಷ್ಣತೆ ಸುಮಾರು ೭ ಡಿಗ್ರಿ ಸೆಲ್ಸಿಯಸ್ಸಿಗಿಂತ ಇಳಿದಂತೆಲ್ಲ ಗಡುಸಾಗತೊಡಗಿ, ನೆಲದ ಉಬ್ಬುತಗ್ಗುಗಳಿಗೆ ಅಂಟಿಕೊಳ್ಳುವ ಗುಣವನ್ನು ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರಿನ ರಬ್ಬರು ಕೊರೆಯುವ ಚಳಿಯಲ್ಲಿಯೂ ಮೆತ್ತಗಿರುವಂತೆ ಬೆರಕೆಯಾದುದು. ಅದರ ಮೈಮೇಲೆ ಆಳವಾದ ಕಾಲುವೆಗಳಿವೆ. ಅವುಗಳಲ್ಲಿ ಹಿಮವು ಒತ್ತಿ ತುಂಬಿಕೊಂಡು ನೆಲದ ಹಿಮಕ್ಕೆ ಕಚ್ಚಿಕೊಳ್ಳುತ್ತದೆ. ಹಿಮದ ಉಂಡೆ ಕಟ್ಟಿದ ಮಕ್ಕಳು ಬಲ್ಲಂತೆ, ಹಿಮಕ್ಕೆ ಹಿಮ ಅಂಟುವಷ್ಟು ರಬ್ಬರು ಅಂಟಲಾರದು. ಕಾಲುವೆಗಳ ನಡುವಣ ಒಂದೊಂದು ರಬ್ಬರು ದಿಮ್ಮಿಯಲ್ಲಿಯೂ ಅಲಗಿನಿಂದ ಸೀಳಿದಂತೆ ನವುರಾದ ಗೀರುಗಳಿದ್ದು, ಸಾವಿರಾರು ಸಣ್ಣ ಅಂಚುಗಳು ನೆಲವನ್ನು ಕೆರೆಯುತ್ತವೆ. ಇದು ಇತ್ತೀಚಿನ ಶೋಧವೇನೂ ಅಲ್ಲ. ಫಿನ್ಲೆಂಡಿನ ರಬ್ಬರು ಕಾರ್ಖಾನೆಯೊಂದು ೧೯೩೪ರಲ್ಲಿಯೇ ಟ್ರಕ್ಕುಗಳಿಗೆಂದು ಹಿಮದ ಟೈರನ್ನು ತಯಾರಿಸಿತು. ೧೯೩೬ರಲ್ಲಿ ಕಾರುಗಳಿಗೆಂದು ಹಾಕಪೆಲೀಟ ಎಂಬ ಟೈರನ್ನು ಹೊರತಂದಿತು. ಆ ಹೆಸರಿನ ಟೈರುಗಳು ಇಂದಿಗೂ ತಯಾರಾಗುತ್ತಿವೆ. ಈಗ ಕೊಳ್ಳುವವರು ಟೈರಿನ ಪಕ್ಕದಲ್ಲಿ ಮೂರು ಶಿಖರಗಳ ಪರ್ವತದೊಳಗೆ ಹಿಮದ ಹರಳಿನ ಗುರುತು ಇದೆಯೇ ಎಂದು ನೋಡಬೇಕು. ಹಿಮದ ಮೇಲೆ ಪರೀಕ್ಷೆಗೆ ಒಳಪಟ್ಟು ತೇರ್ಗಡೆಯಾದ ಟೈರಿಗೆ ಮಾತ್ರ ಆ ಗುರುತು ಸಲ್ಲುತ್ತದೆ.

ಇಂಥ ಟೈರುಗಳನ್ನು ನಾಲ್ಕು ಚಕ್ರಗಳಿಗೂ ಹಾಕಬೇಕೆಂಬುದು ಅತಿಮುಖ್ಯ. ದುಡ್ಡು ಉಳಿಸುವ ಆಸೆಯಿಂದ ಹಿಂದಿನ ಎರಡಕ್ಕೆ ಮಾತ್ರ ಹಾಕಿಸಿದವರ ಕಾರು ಚೆನ್ನಾಗಿ ಹೊರಡುವುದು; ಆದರೆ ದಿಕ್ಕು ತೋರಿಸಬೇಕಾದ ಮುಂದಿನ ಚಕ್ರಗಳು, ಬ್ರೇಕಿನ ಬಹುಪಾಲನ್ನು ಹೊರಬೇಕಾದ ಅದೇ ಚಕ್ರಗಳು, ಮೊದಲಿನಂತೆಯೇ ಜಾರುತ್ತಿರುವುವು. ಹಿಂದಿನ ಚಕ್ರಗಳಿಗೆ ಮಾತ್ರ ಸರಪಳಿ ಕಟ್ಟುವವರೂ ಇದನ್ನು ಮರೆಯಬಾರದು. ಟೈರಿನ ಸುತ್ತ ಕಟ್ಟುವ ಸರಪಳಿಗೆ ಅಮೆರಿಕದ ಹ್ಯಾರಿ ವೀಡ್ ಎಂಬಾತ ೧೯೦೪ರಲ್ಲಿ ಏಕಸ್ವಾಮ್ಯದ ಹಕ್ಕು ಪಡೆದನು. ಬೆಟ್ಟದ ಕಡಿದಾದ ದಾರಿಯಲ್ಲಿ ಅದಕ್ಕೆ ಇಂದಿಗೂ ಸಾಟಿಯಿಲ್ಲ. ಆದರೆ ಅದನ್ನು ಕಟ್ಟಿಕೊಂಡು ನಿಧಾನವಾಗಿಯೇ ಹೋಗಬೇಕು. ಹಿಮ ಮುಗಿದೊಡನೆ ಬಿಚ್ಚಬೇಕು.

ಟೈರಿನ ಅನಂತರದ ಸ್ಥಾನ ಚಾಲಕನ ಕೈಕಾಲುಗಳದು. ಹಿಂಚಕ್ರದ ಕಾರಿನಲ್ಲಿ ಎಲ್ಲವನ್ನೂ ಮೃದುವಾಗಿ ಮಾಡಬೇಕು. ಗೇರು ಬದಲಿಸುವ ಕಾರಾದರೆ ಎರಡನೆಯ ಗೇರಿನಲ್ಲಿ ಹೊರಡುವುದು ಲೇಸು; ಚಕ್ರಕ್ಕೆ ಒದಗುವ ತಿರುಚುಬಲ ಆಗ ಮಿತವಾಗಿರುತ್ತದೆ. ತಿರುವಿಗೆ ಮೊದಲೇ ವೇಗವನ್ನು ತಗ್ಗಿಸಿ, ತಿರುವಿನ ನಡುವೆ ಆಕ್ಸಿಲರೇಟರಿನ ಮೇಲಿನ ಪಾದವನ್ನು ಸ್ಥಿರವಾಗಿಟ್ಟು, ರಸ್ತೆ ನೆಟ್ಟಗಾದ ಮೇಲೆ ಮಾತ್ರ ಮೆಲ್ಲನೆ ಒತ್ತಬೇಕು. ಇಲ್ಲೊಂದು ಸೂಕ್ಷ್ಮವುಂಟು. ಪಾದವನ್ನು ತಟ್ಟನೆ ಎತ್ತಿದರೆ ಅಥವಾ ಕೆಳಗಿನ ಗೇರಿಗೆ ಒರಟಾಗಿ ಇಳಿಸಿದರೆ ಎಂಜಿನು ಹಿಂದಿನ ಚಕ್ರಗಳನ್ನು ಮಾತ್ರ ತಡೆಯುತ್ತದೆ. ಇದು ಹಿಂದಿನ ಚಕ್ರಗಳಿಗೆ ಮಾತ್ರ ಬ್ರೇಕು ಹಾಕಿದಂತೆಯೇ ಸರಿ. ಹಿಂಭಾಗ ಬೀಸುವುದಕ್ಕೆ ಇಷ್ಟೇ ಸಾಕು. ಹಾಗೆ ಬೀಸಿದಾಗ ಕ್ಲಚ್ಚನ್ನು ಒತ್ತಿ ಚಕ್ರಗಳನ್ನು ಸ್ವತಂತ್ರವಾಗಿ ಉರುಳಲು ಬಿಡಬೇಕು. ದೃಷ್ಟಿಯನ್ನು ಹೋಗಬೇಕಾದ ದಿಕ್ಕಿನಲ್ಲಿ ನಿಲ್ಲಿಸಿ, ಹಿಂಭಾಗ ಯಾವ ಕಡೆಗೆ ಸರಿಯುತ್ತಿದೆಯೋ ಆ ಕಡೆಗೆ ಸ್ಟಿಯರಿಂಗನ್ನು ತಿರುಗಿಸಿ, ಕಾರು ನೆಟ್ಟಗಾಗುತ್ತಿದ್ದಂತೆ ಸ್ಟಿಯರಿಂಗನ್ನೂ ನೆಟ್ಟಗೆ ಮಾಡಬೇಕು. ಇದನ್ನು ಓದಿ ಕಲಿಯುವುದು ಸಾಧ್ಯವಿಲ್ಲ. ಸ್ವೀಡನ್ನಿನಲ್ಲಿ ಪರವಾನಗಿ ಪಡೆಯುವ ಮುನ್ನ ಪ್ರತಿಯೊಬ್ಬನೂ ಜಾರುವ ನೆಲದ ಮೇಲಿನ ತರಬೇತಿಯನ್ನು ಮುಗಿಸಿರಬೇಕೆಂಬ ನಿಯಮವಿದೆ. ಹಿಮದ ನಾಡಿಗೆ ಹೋದ ನಮ್ಮವರೂ ಯಾರೂ ಇಲ್ಲದ, ಅನುಮತಿಯುಳ್ಳ ಬಯಲಿನಲ್ಲಿ ಬಲ್ಲವರ ಜೊತೆ ಒಂದು ದಿನ ಅಭ್ಯಾಸ ಮಾಡುವುದು ಉಚಿತ.

ಯಂತ್ರದೊಳಗಣ ಸಾಧನಗಳಿಂದಲೂ ಸಹಾಯವುಂಟು. ಸಾಧಾರಣ ಡಿಫರೆನ್ಷಿಯಲ್ ಎರಡು ಚಕ್ರಗಳಿಗೂ ಸಮನಾದ ತಿರುಚುಬಲವನ್ನು ಹಂಚುತ್ತದೆ. ಆದುದರಿಂದ ಒಂದು ಚಕ್ರ ಮಂಜುಗಡ್ಡೆಯ ಮೇಲೆ ಸುಮ್ಮನೆ ಸುತ್ತತೊಡಗಿದರೆ ಗಟ್ಟಿನೆಲದ ಮೇಲಿರುವ ಇನ್ನೊಂದಕ್ಕೂ ಅಷ್ಟೇ ಅಲ್ಪ ಬಲ ದೊರೆತು ಕಾರು ಕದಲುವುದಿಲ್ಲ. ಜಾರಿಕೆಗೆ ಮಿತಿ ಹಾಕುವ ಡಿಫರೆನ್ಷಿಯಲ್ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸುತ್ತದೆ. ಬ್ರೇಕು ಹಾಕುವಾಗ ಚಕ್ರಗಳು ಸ್ತಂಭಿಸದಂತೆ ತಡೆಯುವ ವಿದ್ಯುನ್ಮಾನ ವ್ಯವಸ್ಥೆ ೧೯೭೮ರಲ್ಲಿ ಮರ್ಸಿಡಿಸ್ ಬೆಂಜ್ ಕಾರುಗಳಲ್ಲಿ ಬಂದಿತು. ಒಂದೊಂದು ಚಕ್ರದ ಬ್ರೇಕನ್ನೂ ಪ್ರತ್ಯೇಕವಾಗಿ ನಿಯಂತ್ರಿಸಿ ಹಿಂಭಾಗದ ಬೀಸನ್ನು ಮೊದಲಲ್ಲಿಯೇ ಅಡಗಿಸುವ ಸ್ಥಿರತಾ ನಿಯಂತ್ರಣ ೧೯೯೫ರಲ್ಲಿ ಅದೇ ಕಂಪನಿಯ ಕಾರಿನಲ್ಲಿ ಬಂದಿತು. ಅವೆರಡೂ ಹಿಂಚಕ್ರ ಚಾಲನೆಯ ಕಾರುಗಳೇ. ಹಿಂಚಕ್ರದ ಕಾರಿನ ಎರಡನೆಯ ದೋಷವನ್ನು ಈ ಸಾಧನ ಬಹಳಮಟ್ಟಿಗೆ ಕಳೆದಿದೆ. ಆದರೆ ಇದ್ದ ಹಿಡಿತವನ್ನು ಜಾಣತನದಿಂದ ಹಂಚುವುದಷ್ಟೇ ಅದರ ಕೆಲಸ. ಇಲ್ಲದ ಹಿಡಿತವನ್ನು ಅದು ಸೃಷ್ಟಿಸಲಾರದು. ಆ ಕೆಲಸ ಟೈರಿನದೇ.

ನಾವು ಹೇಳುತ್ತಿರುವುದಕ್ಕೆ ಸ್ವೀಡನ್ನಿನ ಇತಿಹಾಸವೇ ಸಾಕ್ಷಿ. ಆ ದೇಶದ ಸಾಬ್ ಕಂಪನಿ ೧೯೪೯ರಲ್ಲಿ ತನ್ನ ಮೊದಲ ಕಾರಿನಿಂದಲೇ ಮುಂಚಕ್ರ ಚಾಲನೆಯನ್ನು ಹಿಡಿಯಿತು. ಅದೇ ದೇಶದ ವೋಲ್ವೊ ಕಂಪನಿಯಾದರೋ ದಶಕಗಳ ಕಾಲ ಹಿಂಚಕ್ರ ಚಾಲನೆಯನ್ನು ಬಿಡಲಿಲ್ಲ. ೧೯೭೪ರಿಂದ ೧೯೯೩ರವರೆಗೆ ತಯಾರಾದ ಅದರ ೨೪೦ ಎಂಬ ಕಾರು ಹಿಮದ ನಾಡಿನ ಕುಟುಂಬಗಳ ಕಾರಾಗಿತ್ತು. ಹಿಂಚಕ್ರದ ಕಾರು ಹಿಮಕ್ಕೆ ಒದಗದೆಂಬುದು ಪೂರ್ಣ ಸತ್ಯವಾಗಿದ್ದರೆ ಇದು ಹೇಗೆ ಸಾಧ್ಯವಾಗುತ್ತಿತ್ತು? ೧೯೯೮ರಲ್ಲಿ ಹಿಂಚಕ್ರದ ಕೊನೆಯ ಮಾದರಿಯನ್ನು ನಿಲ್ಲಿಸಿದ ಅದೇ ಕಂಪನಿ ೨೦೨೩ರಲ್ಲಿ ತನ್ನ ವಿದ್ಯುತ್ ಕಾರುಗಳಲ್ಲಿ ಮತ್ತೆ ಹಿಂಚಕ್ರ ಚಾಲನೆಗೆ ಮರಳಿತು. ವಿದ್ಯುತ್ ಕಾರಿನಲ್ಲಿ ಭಾರವಾದ ಬ್ಯಾಟರಿ ನೆಲದುದ್ದಕ್ಕೂ ಹರಡಿದ್ದು, ಮೋಟಾರು ಹಿಂದಿನ ಅಚ್ಚಿನಲ್ಲಿಯೇ ಕುಳಿತಿರುವುದರಿಂದ ದುಡಿಯುವ ಚಕ್ರಗಳಿಗೆ ಭಾರದ ಕೊರತೆ ಇರುವುದಿಲ್ಲ. ಮೋಟಾರಿನ ಬಲವನ್ನು ಕ್ಷಣದ ಅಲ್ಪಭಾಗದಲ್ಲಿ ತಗ್ಗಿಸಬಹುದು. ನಮ್ಮ ದೇಶದಲ್ಲಿಯೂ ಮಹೀಂದ್ರ ಕಂಪನಿ ೨೦೨೪ರಲ್ಲಿ ಪ್ರಕಟಿಸಿದ ಎರಡು ವಿದ್ಯುತ್ ಕಾರುಗಳು ಹಿಂಚಕ್ರ ಚಾಲನೆಯವೇ. ಪಾದವೆತ್ತಿದೊಡನೆ ಮೋಟಾರು ವಿದ್ಯುತ್ತನ್ನು ಮರಳಿ ತುಂಬಿಸುತ್ತ ಹಿಂದಿನ ಚಕ್ರಗಳನ್ನು ತಡೆಯುವ ಗುಣ ಇಂಥ ಕಾರುಗಳಲ್ಲಿರುವುದರಿಂದ, ಜಾರುವ ರಸ್ತೆಯಲ್ಲಿ ಆ ತಡೆಯನ್ನು ಕನಿಷ್ಠಕ್ಕೆ ಇಳಿಸಿಕೊಳ್ಳಬೇಕು. ಹಳೆಯ ಪಾಠ ಹೊಸ ಯಂತ್ರಕ್ಕೂ ಸಲ್ಲುತ್ತದೆ.

ಸರಕಾರಗಳು ಯಾವುದನ್ನು ಕಡ್ಡಾಯ ಮಾಡಬೇಕೆಂಬ ಪ್ರಶ್ನೆಗೂ ಇದರಿಂದ ಉತ್ತರ ದೊರೆಯುತ್ತದೆ. ಸ್ವೀಡನ್ ೧೯೯೯ರಲ್ಲಿಯೂ ಕೆನಡದ ಕ್ವಿಬೆಕ್ ಪ್ರಾಂತ ೨೦೦೮ರಲ್ಲಿಯೂ ಚಳಿಗಾಲದ ಟೈರನ್ನು ಕಡ್ಡಾಯಗೊಳಿಸಿದುವು. ಜರ್ಮನಿಯಲ್ಲಿ ರಸ್ತೆ ಹಿಮಮಯವಾಗಿರುವಾಗ ಅಂಥ ಟೈರಿಲ್ಲದೆ ಕಾರು ನಡೆಸುವುದು ಅಪರಾಧ. ಆ ಕಾನೂನುಗಳು ಯಾವ ಚಕ್ರ ದುಡಿಯುತ್ತದೆಯೆಂದು ಕೇಳುವುದಿಲ್ಲ; ಟೈರು ಯಾವುದೆಂದು ಕೇಳುತ್ತವೆ. ನಮ್ಮ ಹಿಮಾಚಲ ಪ್ರದೇಶದಲ್ಲಿ ಹಿಮ ಬಿದ್ದ ದಿನಗಳಲ್ಲಿ ಮನಾಲಿಯಿಂದ ಅಟಲ್ ಸುರಂಗದ ಕಡೆಗೆ ನಾಲ್ಕು ಚಕ್ರ ಚಾಲನೆಯ ವಾಹನಗಳನ್ನೂ ಸರಪಳಿ ಕಟ್ಟಿದವುಗಳನ್ನೂ ಮಾತ್ರ ಬಿಡುವ ಕ್ರಮವನ್ನು ಅನುಸರಿಸಲಾಗುತ್ತದೆ. ಏರಿನಲ್ಲಿ ವಾಹನಗಳು ಸಿಕ್ಕಿಕೊಂಡು ದಾರಿ ಕಟ್ಟದಿರಲು ಇದು ಸರಿಯಾದ ಕ್ರಮವೇ. ಆದರೆ ಏರಿದ ವಾಹನ ಇಳಿಯಲೂ ಬೇಕು. ಇಳಿಜಾರಿನಲ್ಲಿ ನಾಲ್ಕು ಚಕ್ರ ಚಾಲನೆಯು ಸಾಧಾರಣ ಟೈರಿಗೆ ಬ್ರೇಕಿನ ಹಿಡಿತವನ್ನು ಕೊಡಲಾರದು. ಟೈರನ್ನೂ ಪರೀಕ್ಷಿಸುವ ಕ್ರಮ ಅಲ್ಲಿಯೂ ಬರಬೇಕೆಂಬುದು ನಮ್ಮ ಅಭಿಪ್ರಾಯ.

ಮುಂಚಕ್ರದ ಕಾರನ್ನಾಗಲಿ ನಾಲ್ಕು ಚಕ್ರದ ಕಾರನ್ನಾಗಲಿ ನಾವು ಹಳಿಯುತ್ತಿಲ್ಲ. ಆಳವಾದ ಹಿಮದಲ್ಲಿ, ಕಡಿದಾದ ಏರಿನಲ್ಲಿ, ನೇಗಿಲು ಬಂಡಿ ಇನ್ನೂ ಬಾರದ ಹಳ್ಳಿಯ ದಾರಿಯಲ್ಲಿ ಅವುಗಳ ಉಪಯೋಗ ನಿಸ್ಸಂದೇಹವಾದುದು. ಆದರೆ ಕೈಯಲ್ಲಿರುವುದು ಹಿಂಚಕ್ರದ ಕಾರಾಗಿದ್ದು, ವೆಚ್ಚ ಮಾಡಲು ಇರುವ ಹಣ ಸ್ವಲ್ಪವಾಗಿದ್ದರೆ, ಅದನ್ನು ಮೊದಲು ನಾಲ್ಕು ಒಳ್ಳೆಯ ಚಳಿಗಾಲದ ಟೈರುಗಳಿಗೆ ವಿನಿಯೋಗಿಸಬೇಕು. ಬಳಿಕ ಒಂದು ದಿನವನ್ನು ಜಾರುವ ನೆಲದ ಅಭ್ಯಾಸಕ್ಕೆ ಕೊಡಬೇಕು. ಮರಳಿನ ಮೂಟೆಯ ವಿಚಾರ ಅನಂತರ ಬರಲಿ. ಇಷ್ಟೆಲ್ಲ ಮಾಡಿದ ಮೇಲೂ ವೇಗವನ್ನು ಇಳಿಸಿ, ಮುಂದಿನ ವಾಹನದಿಂದ ದೂರವನ್ನು ಹೆಚ್ಚಿಸಬೇಕು. ಏಕೆಂದರೆ ವೇಗ ಅರ್ಧವಾದರೆ ನಿಲ್ಲುವ ದೂರ ಕಾಲುಭಾಗವಾಗುತ್ತದೆ. ಈ ಲಾಭಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.